ಕಲ್ಲಿನಿಂದ ಹೊರಟ ಸರ್ಕಸ್ ಆನೆ

ಸರ್ಕಸ್ಸಿಗಿಂತ ಮೊದಲು ಊರಿಗೆ ಬರುತ್ತಿದ್ದುದು ಅದರ ಚಿತ್ರ. ಇದು ಸುಮಾರು 140 ವರ್ಷಗಳ ಹಿಂದಿನ ಅಮೆರಿಕದ ಮಾತು, ಮಕ್ಕಳೇ. ಆಗ ಟಿ.ವಿ. ಇರಲಿಲ್ಲ, ರೇಡಿಯೊ ಇರಲಿಲ್ಲ, ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ಪತ್ರಿಕೆಗಳೇನೋ ಇದ್ದವು, ಆದರೆ ಬಹುಮಟ್ಟಿಗೆ ಎಲ್ಲ ಕಪ್ಪು ಬಿಳುಪು. ಹಳ್ಳಿಯ ಮಕ್ಕಳಿಗೆ ದೊಡ್ಡದೊಂದು ಬಣ್ಣದ ಚಿತ್ರ ನೋಡಲು ಸಿಗುವುದೇ ಅಪರೂಪ. ಅಂಥ ಊರಿಗೆ ಒಂದು ಬೆಳಗ್ಗೆ ರೈಲಿನಲ್ಲಿ ಒಂದು ಗುಂಪು ಬಂದಿಳಿಯುತ್ತಿತ್ತು. ಕೈಯಲ್ಲಿ ಉದ್ದ ಹಿಡಿಯ ಬ್ರಶ್ಶು, ಬಕೆಟ್ಟಿನಲ್ಲಿ ಅಂಟು, ಬಗಲಲ್ಲಿ ಕಾಗದದ ಕಟ್ಟು. ಸಂಜೆಯಾಗುವಷ್ಟರಲ್ಲಿ ಊರಿನ ಕೊಟ್ಟಿಗೆ, ಉಗ್ರಾಣ, ಅಂಗಡಿ, ಬೇಲಿ ಯಾವುದನ್ನೂ ಬಿಡದೆ ಆನೆ, ಹುಲಿ, ಜಿರಾಫೆ, ಕುದುರೆಯ ಬೆನ್ನಮೇಲೆ ನಿಂತ ಹುಡುಗಿ ಎಲ್ಲರೂ ಹಾಜರ್. ಕೆಂಪು, ಹಳದಿ, ನೀಲಿ, ಹಸಿರು. ಮನೆ ಎತ್ತರದ ಚಿತ್ರಗಳು.

ಕಂಪ್ಯೂಟರ್ ಇಲ್ಲದ, ಕಲರ್ ಪ್ರಿಂಟರ್ ಇಲ್ಲದ ಕಾಲದಲ್ಲಿ ಇಷ್ಟು ದೊಡ್ಡ, ಇಷ್ಟು ಬಣ್ಣದ ಚಿತ್ರವನ್ನು ಸಾವಿರಾರು ಪ್ರತಿ ತೆಗೆದದ್ದು ಹೇಗೆ? ಒಂದು ಸುಣ್ಣಕಲ್ಲಿನಿಂದ. ಜೊತೆಗೆ ನಿಮಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ: ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ.

ಒಂದೇ ದಿನದ ಆಟ

ಮೊದಲು ಸರ್ಕಸ್ಸಿನ ಬಗ್ಗೆ ನಾಲ್ಕು ಮಾತು. ಇವತ್ತಿನ ಸರ್ಕಸ್ಸಿನ ಮೂಲಪುರುಷ ಎಂದರೆ ಲಂಡನ್ನಿನ ಫಿಲಿಪ್ ಆಸ್ಟ್ಲಿ. ಸೈನ್ಯದಲ್ಲಿ ಕುದುರೆ ಸವಾರನಾಗಿದ್ದವನು. 1768ರಲ್ಲಿ ಆತ ಕುದುರೆಯ ಆಟಗಳನ್ನು ದುಂಡನೆಯ ಅಂಗಳದಲ್ಲಿ ತೋರಿಸತೊಡಗಿದ. ಕುದುರೆ ಒಂದೇ ವೇಗದಲ್ಲಿ ಸುತ್ತು ಹಾಕುತ್ತಿದ್ದರೆ ಅದರ ಬೆನ್ನಮೇಲೆ ನಿಂತವನು ಸ್ವಲ್ಪ ಒಳಗೆ ವಾಲಿ ಸಮತೋಲ ಕಾಪಾಡಿಕೊಳ್ಳುವುದು ಸುಲಭ. ಆಸ್ಟ್ಲಿ ಕೊನೆಗೆ 42 ಅಡಿ ಅಗಲದ ವೃತ್ತಕ್ಕೆ ಬಂದು ನಿಂತ. ಸರ್ಕಸ್ಸಿನ ರಿಂಗ್ ಇವತ್ತಿಗೂ ಸುಮಾರು ಅಷ್ಟೇ ಅಗಲ, ಅಂದರೆ 13 ಮೀಟರ್.

ಈ ಆಟ ಅಮೆರಿಕಕ್ಕೆ ಹೋಯಿತು, ಅಲ್ಲಿ ಬೆಳೆದು ದೊಡ್ಡದಾಯಿತು. 1872ರಲ್ಲಿ ಪಿ.ಟಿ. ಬಾರ್ನಮ್‌ನ ಸರ್ಕಸ್ ಕಂಪನಿ ತನ್ನ ಡೇರೆ, ಪ್ರಾಣಿ, ಜನ ಎಲ್ಲವನ್ನೂ ರೈಲಿಗೆ ಹತ್ತಿಸಿತು. ರಾತ್ರಿ ಪಯಣ, ಬೆಳಗ್ಗೆ ಡೇರೆ ಹಾಕುವುದು, ಮಧ್ಯಾಹ್ನ ಒಂದಾಟ, ಸಂಜೆ ಒಂದಾಟ, ರಾತ್ರಿ ಗಂಟುಮೂಟೆ ಕಟ್ಟಿ ಮುಂದಿನ ಊರು. ಒಂದೂರಲ್ಲಿ ಹೆಚ್ಚಾಗಿ ಒಂದೇ ದಿನ.

ತೊಂದರೆ ಇರುವುದು ಇಲ್ಲೇ. ನಮ್ಮಲ್ಲಿ ಜಾತ್ರೆ ಯಾವಾಗ ಎಂದು ಯಾರೂ ಸಾರಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಸರ್ಕಸ್ ಹಾಗಲ್ಲ. ಆ ಒಂದು ದಿನ ತಪ್ಪಿದರೆ ಮುಗಿಯಿತು. ನೂರಾರು ಜನರ, ಪ್ರಾಣಿಗಳ ಅನ್ನ ಆ ಎರಡು ಆಟದ ಟಿಕೆಟ್ಟಿನಲ್ಲೇ ಹುಟ್ಟಬೇಕು. ಹಾಗಾಗಿ ಸುತ್ತಮುತ್ತಲ ಹತ್ತಾರು ಮೈಲಿಯ ಜನರಿಗೆಲ್ಲ ವಾರಗಳ ಮೊದಲೇ ಸುದ್ದಿ ಮುಟ್ಟಬೇಕು. ಓದು ಬಾರದವರಿಗೂ ಮುಟ್ಟಬೇಕು. ಅದಕ್ಕೆ ಚಿತ್ರವೇ ಬೇಕಿತ್ತು.

ಬಟ್ಟೆ ಲೆಕ್ಕ ಬರೆದ ಕಲ್ಲು

ಈ ಚಿತ್ರಗಳ ಮೂಲ ಹುಡುಕುತ್ತಾ ಹೋದರೆ ನಾವು ಜರ್ಮನಿಯ ಮ್ಯೂನಿಕ್ ನಗರಕ್ಕೆ, 1796ನೇ ಇಸವಿಗೆ ಬರುತ್ತೇವೆ. ಅಲೋಯಿಸ್ ಸೆನೆಫೆಲ್ಡರ್ ಎಂಬ ತರುಣ ಅಲ್ಲಿದ್ದ. ನಟನ ಮಗ, ತಾನೂ ನಾಟಕ ಬರೆಯುವವನು. ನಾಟಕ ಅಚ್ಚು ಹಾಕಿಸಲು ದುಡ್ಡಿಲ್ಲ. ನಾನೇ ಅಚ್ಚು ಹಾಕುತ್ತೇನೆ ಎಂದು ಹೊರಟ. ತಾಮ್ರದ ತಗಡಿನ ಮೇಲೆ ಅಕ್ಷರ ಕೊರೆದು ಕಲಿಯಬೇಕು, ತಾಮ್ರವೂ ದುಬಾರಿ. ಅದರ ಬದಲು ಆ ಸೀಮೆಯಲ್ಲಿ ನೆಲಕ್ಕೆ ಹಾಸುತ್ತಿದ್ದ ನುಣುಪಾದ ಸುಣ್ಣಕಲ್ಲಿನ ಮೇಲೆ ಅಭ್ಯಾಸ ಮಾಡತೊಡಗಿದ.

ಒಂದು ದಿನ ಒಗೆಯಲು ಬಟ್ಟೆ ಒಯ್ಯುವಾಕೆ ಬಂದು ನಿಂತಿದ್ದಾಳೆ. ಬಟ್ಟೆ ಲೆಕ್ಕ ಬರೆದುಕೊಳ್ಳಪ್ಪ ಎಂದು ತಾಯಿ ಕೂಗಿದರು. ಕೈಗೆ ಒಂದು ಚೂರು ಕಾಗದವೂ ಸಿಗಲಿಲ್ಲ, ಶಾಯಿಯೂ ಒಣಗಿತ್ತು. ಮೇಣ, ಸಾಬೂನು, ದೀಪದ ಮಸಿ ಬೆರೆಸಿ ತಾನೇ ಮಾಡಿಟ್ಟುಕೊಂಡಿದ್ದ ಜಿಡ್ಡು ಶಾಯಿಯಲ್ಲಿ ಆತ ಲೆಕ್ಕವನ್ನು ಕಲ್ಲಿನ ಮೇಲೇ ಬರೆದಿಟ್ಟ. ಆಮೇಲೆ ಅಳಿಸಲು ಹೋದವನಿಗೆ ಒಂದು ಯೋಚನೆ ಹೊಳೆಯಿತು: ಈ ಕಲ್ಲಿಗೆ ಆಮ್ಲ ಸುರಿದರೆ ಏನಾದೀತು? ಆಮ್ಲ ಬರಿಯ ಕಲ್ಲನ್ನು ತಿಂದಿತು, ಜಿಡ್ಡು ಇದ್ದ ಕಡೆ ತಿನ್ನಲಿಲ್ಲ. ಅಕ್ಷರಗಳು ಕೊಂಚ ಉಬ್ಬಿ ನಿಂತವು. ಈ ಕಥೆಯನ್ನು ಸೆನೆಫೆಲ್ಡರನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಇಂಥ ಕಥೆಗಳನ್ನು ಕೇಳಿ ನಾವು ‘ಅದೃಷ್ಟ!’ ಎಂದುಬಿಡುತ್ತೇವೆ. ಆದರೆ ಆ ದಿನ ಅವನಿಗೆ ಸಿಕ್ಕಿದ್ದು ಅರ್ಧ ಉತ್ತರ ಮಾತ್ರ. ಮತ್ತೆ ಎರಡು ವರ್ಷ ಬಗೆಬಗೆಯಾಗಿ ಪ್ರಯೋಗ ಮಾಡಿದ ಮೇಲೆ, 1798ರ ಹೊತ್ತಿಗೆ, ಅಕ್ಷರ ಉಬ್ಬಬೇಕಾದ ಅಗತ್ಯವೇ ಇಲ್ಲ ಎಂದು ಅವನಿಗೆ ತಿಳಿಯಿತು. ಪೂರ್ತಿ ಸಪಾಟಾದ ಕಲ್ಲಿನಿಂದಲೇ ಅಚ್ಚು ತೆಗೆಯಬಹುದು! ಅದಕ್ಕೆ ಬೇಕಾದದ್ದು ರಸಾಯನ ವಿಜ್ಞಾನ. ಈ ವಿಧಾನಕ್ಕೆ ಲಿಥೋಗ್ರಫಿ ಎಂದು ಹೆಸರಾಯಿತು. ನಾವು ಕನ್ನಡದಲ್ಲಿ ಕಲ್ಲಚ್ಚು ಎನ್ನುತ್ತೇವೆ.

ಎಣ್ಣೆ, ನೀರು ಮತ್ತು ಬಕೆಟ್ಟಿನ ಬಿಳಿ ಕೆನೆ

ಕಲ್ಲಚ್ಚಿನ ಕೆಲಸವನ್ನು ಹತ್ತಿರ ನಿಂತು ನೋಡೋಣ. ಮೊದಲು ಕಲ್ಲಿನ ಮುಖವನ್ನು ಸಮ ಮಾಡಬೇಕು. ಒಂದು ಕಲ್ಲಿನ ಮೇಲೆ ಮರಳು, ನೀರು ಹಾಕಿ ಇನ್ನೊಂದು ಕಲ್ಲನ್ನು ಬೋರಲು ಇಟ್ಟು ಗರಗರ ತಿಕ್ಕುತ್ತಾರೆ. ಎರಡೂ ಕಲ್ಲು ಒಟ್ಟಿಗೆ ನುಣುಪಾಗುತ್ತವೆ. ಒಣಗಿದ ಮೇಲೆ ಕಲಾವಿದ ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾನೆ. ಅದೂ ಎಡ ಬಲ ಅದಲು ಬದಲಾಗಿ, ಕನ್ನಡಿಯಲ್ಲಿ ಕಂಡ ಹಾಗೆ. ಕಾಗದದ ಮೇಲೆ ಬೀಳುವಾಗ ಅದು ಸರಿಯಾಗುತ್ತದೆ.

ಆಮೇಲೆ ಗೋಂದಿಗೆ ಒಂದಿಷ್ಟು ನೈಟ್ರಿಕ್ ಆಮ್ಲ ಬೆರೆಸಿ ಕಲ್ಲಿಗೆಲ್ಲ ಸವರುತ್ತಾರೆ. ಈ ಗೋಂದು ಜಾಲಿಯ ಜಾತಿಯ ಮರದ ಅಂಟು. ಬಾಣಂತಿಯರಿಗೆ ಕೊಡುವ ಅಂಟಿನುಂಡೆಗೆ ಹಾಕುವುದೂ ಇಂಥದೇ ಮರದ ಅಂಟನ್ನು. ಅದಾದ ಮೇಲೆ ಟರ್ಪೆಂಟೈನ್ ಹಾಕಿ ಒರೆಸುತ್ತಾರೆ. ಅಯ್ಯೋ, ಬರೆದ ಚಿತ್ರ ಪೂರ್ತಿ ಅಳಿಸಿಯೇ ಹೋಯಿತು! ಕಲ್ಲು ಖಾಲಿ ಕಾಣುತ್ತದೆ. ಈಗ ಒದ್ದೆ ಬಟ್ಟೆಯಿಂದ ಕಲ್ಲನ್ನು ನೆನೆಸಿ, ಎಣ್ಣೆಯ ಶಾಯಿ ಹಚ್ಚಿದ ರೋಲರನ್ನು ಅದರ ಮೇಲೆ ಉರುಳಿಸುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಮಾಯವಾಗಿದ್ದ ಆನೆ ಸೊಂಡಿಲ ಸಮೇತ ಕಲ್ಲಿನಿಂದ ಮೆಲ್ಲಗೆ ಎದ್ದು ಬರುತ್ತದೆ.

ಇದೇನು ಮಾಟವೇ? ಅಲ್ಲ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಜಿಡ್ಡಿನಲ್ಲಿ ಇರುವುದು ಕೊಬ್ಬಿನ ಆಮ್ಲಗಳು. ಕ್ಯಾಲ್ಸಿಯಂ ಮತ್ತು ಕೊಬ್ಬಿನ ಆಮ್ಲ ಸೇರಿದರೆ ನೀರಿನಲ್ಲಿ ಕರಗದ ಒಂದು ಹೊಸ ವಸ್ತು ಹುಟ್ಟುತ್ತದೆ. ಅದನ್ನು ನೀವು ನೋಡಿಯೇ ಇರುತ್ತೀರಿ. ಬೋರ್‌ವೆಲ್‌ನ ಗಡಸು ನೀರಿಗೆ ಸಾಬೂನು ಹಾಕಿದರೆ ನೊರೆ ಬಾರದೆ ಬಿಳಿ ಕೆನೆ ತೇಲುತ್ತದಲ್ಲ, ಬಕೆಟ್ಟಿನ ಅಂಚಿಗೆ ಅಂಟಿ ಕೂರುತ್ತದಲ್ಲ, ಅದೇ ಇದು. ಕ್ಯಾಲ್ಸಿಯಂ ಸಾಬೂನು. ಅಮ್ಮ ಎಷ್ಟು ತಿಕ್ಕಿದರೂ ಬಿಡದ ಆ ಹಟಮಾರಿ ವಸ್ತುವೇ ಕಲ್ಲಿನ ಮೇಲಿನ ಚಿತ್ರವನ್ನು ಹಿಡಿದಿಡುತ್ತದೆ. ಟರ್ಪೆಂಟೈನ್ ಒರೆಸಿದ್ದು ಮೇಲಿನ ಕಪ್ಪು ಜಿಡ್ಡನ್ನು ಮಾತ್ರ. ಕಲ್ಲಿನ ಮೈಗೆ ಹತ್ತಿದ ಈ ತೆಳು ಪದರ ಹಾಗೇ ಉಳಿದಿರುತ್ತದೆ.

ಚಿತ್ರ ಇಲ್ಲದ ಕಡೆ ಏನಿದೆ? ಗೋಂದಿನ ತೆಳುವಾದ ಪದರ. ಗೋಂದಿಗೆ ನೀರೆಂದರೆ ಪ್ರೀತಿ. ಅದು ನೀರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಎಳೆದುಕೊಂಡಿರುತ್ತವೆ. ಎಣ್ಣೆಯ ಅಣುಗಳನ್ನು ನಡುವೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಎಣ್ಣೆಯ ಶಾಯಿ ಒದ್ದೆಯಾದ ಕಡೆ ಕೂರುವುದಿಲ್ಲ, ಜಿಡ್ಡಿನ ಕಡೆ ಮಾತ್ರ ಕೂರುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ಸಿದ್ಧ. ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಕಾಗದ. ಒಂದೇ ಕಲ್ಲಿನಿಂದ ಸಾವಿರಾರು ಪ್ರತಿ.

ಅದೇ ಕಲ್ಲಿನಲ್ಲಿ ಒಂದು ಹಕ್ಕಿ

ಯಾವ ಸುಣ್ಣಕಲ್ಲಾದರೂ ಈ ಕೆಲಸಕ್ಕೆ ಆಗುತ್ತದೆಯೇ? ಇಲ್ಲ. ಕಣ ಬಹಳ ಸಣ್ಣದಿರಬೇಕು, ಎಲ್ಲೆಡೆ ಒಂದೇ ಸಮ ಇರಬೇಕು. ಅಂಥ ಕಲ್ಲು ಸಿಗುತ್ತಿದ್ದುದು ಜರ್ಮನಿಯ ಬವೇರಿಯಾ ಪ್ರಾಂತ್ಯದ ಸೋಲ್ನ್‌ಹೋಫೆನ್ ಎಂಬಲ್ಲಿ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಅಲೆಯಿಲ್ಲದ, ಉಪ್ಪು ಹೆಚ್ಚಾಗಿದ್ದ ಹಿನ್ನೀರು ಇತ್ತು. ಸುಣ್ಣದ ನವಿರು ಕೆಸರು ತಳಕ್ಕೆ ಪದರ ಪದರವಾಗಿ ಇಳಿದು ಕಲ್ಲಾಯಿತು. ತಳದಲ್ಲಿ ಜೀವಿಗಳು ಬದುಕುವುದೇ ಕಷ್ಟವಾಗಿದ್ದರಿಂದ ಕೆಸರನ್ನು ಕಲಕುವವರೂ ಯಾರೂ ಇರಲಿಲ್ಲ.

ಅಚ್ಚುಕೂಟಗಳಿಗೆಂದು ಈ ಕಲ್ಲನ್ನು ಒಂದೊಂದೇ ಹಲಗೆಯಾಗಿ ಬಿಡಿಸುವಾಗ ಕೆಲಸಗಾರರಿಗೆ ಬೇರೆ ಚಿತ್ರಗಳೂ ಕಂಡವು. ಮೀನು, ಸಿಗಡಿ, ಏರೋಪ್ಲೇನ್ ಚಿಟ್ಟೆ. 1861ರಲ್ಲಿ ಒಂದು ಗರಿಯ ಗುರುತಿನ ವಿವರ ಪ್ರಕಟವಾಯಿತು. ಅದೇ ಹೊತ್ತಿಗೆ ಗರಿ ಇರುವ ಅಸ್ಥಿಪಂಜರವೂ ಸಿಕ್ಕಿತು. ಹಕ್ಕಿಯ ಹಾಗೆ ಗರಿ, ಹಲ್ಲಿಯ ಹಾಗೆ ಉದ್ದನೆ ಮೂಳೆಯ ಬಾಲ, ಬಾಯಲ್ಲಿ ಹಲ್ಲು. ಡೈನೋಸಾರ್ ಮತ್ತು ಹಕ್ಕಿಗಳ ನೆಂಟಸ್ತಿಕೆ ತೋರಿಸುವ ಆರ್ಕಿಯಾಪ್ಟೆರಿಕ್ಸ್ ಇದು. ಅದರ ಪೂರ್ತಿ ವೈಜ್ಞಾನಿಕ ಹೆಸರು ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಅಚ್ಚಿನ ಕಲ್ಲಿನಲ್ಲಿ ಸಿಕ್ಕಿದ ಹಕ್ಕಿಗೆ ಅಚ್ಚಿನ ಹೆಸರನ್ನೇ ಇಟ್ಟರು. ಸರ್ಕಸ್ ಪೋಸ್ಟರಿನ ಆನೆ ಮತ್ತು ಈ ಹಕ್ಕಿ ಎರಡನ್ನೂ ಅಚ್ಚುಕಟ್ಟಾಗಿ ಹಿಡಿದದ್ದು ಕಲ್ಲಿನ ಅದೇ ಸಣ್ಣ ಕಣಗಳು.

ಬಣ್ಣಕ್ಕೊಂದು ಕಲ್ಲು

ಒಂದು ಕಲ್ಲಿನಿಂದ ಒಂದು ಸಲಕ್ಕೆ ಒಂದೇ ಬಣ್ಣ. ಹಲವು ಬಣ್ಣ ಬೇಕಾದರೆ? ಹಲವು ಕಲ್ಲು. ಬಣ್ಣದ ಕಲ್ಲಚ್ಚಿನ ವಿಧಾನಕ್ಕೆ 1837ರಲ್ಲಿ ಫ್ರಾನ್ಸಿನ ಗೊಡೆಫ್ರಾಯ್ ಎಂಗೆಲ್‌ಮನ್ ಪೇಟೆಂಟ್ ಪಡೆದ. ಮುಂದೆ ಪ್ಯಾರಿಸ್ಸಿನ ಜೂಲ್ ಶೆರೆ ಅದರಿಂದ ಬೀದಿಯ ಪೋಸ್ಟರುಗಳನ್ನೇ ಒಂದು ಕಲೆಯಾಗಿ ಬೆಳೆಸಿದ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅಡಾಲ್ಫ್ ಫ್ರೀಡ್ಲೆಂಡರ್, ಅಮೆರಿಕದ ಸಿನ್ಸಿನಾಟಿಯಲ್ಲಿ ಸ್ಟ್ರೋಬ್ರಿಜ್ ಕಂಪನಿ ಸರ್ಕಸ್ ಪೋಸ್ಟರುಗಳಿಗೆ ಹೆಸರಾದವು.

ಹಸಿರು ಮೈದಾನದಲ್ಲಿ ಕೆಂಪು ಅಂಗಿಯ ವಿದೂಷಕ ಇದ್ದಾನೆ ಎಂದುಕೊಳ್ಳಿ. ಹಳದಿ ಕಲ್ಲಿನ ಮೇಲೆ ಮೈದಾನ ಬರೆಯಬೇಕು. ನೀಲಿ ಕಲ್ಲಿನ ಮೇಲೂ ಅದೇ ಮೈದಾನ ಬರೆಯಬೇಕು. ಕೆಂಪು ಕಲ್ಲಿನ ಮೇಲೆ ಅಂಗಿ ಮಾತ್ರ. ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ, ಕೊನೆಗೆ ಕಪ್ಪು ಗೆರೆ, ಸಾಮಾನ್ಯವಾಗಿ ಇದೇ ಕ್ರಮ. ಹಳದಿ ಒಣಗಿದ ಮೇಲೆ ನೀಲಿ ಬಿದ್ದರೆ ಮೈದಾನ ಹಸಿರು. ಯಾಕೆ? ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಳದಿ ಶಾಯಿ ಅದರಲ್ಲಿನ ನೀಲಿ ಬೆಳಕನ್ನು ನುಂಗುತ್ತದೆ. ಆಕಾಶದಂಥ ತಿಳಿನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ. ಇಬ್ಬರೂ ಬಿಟ್ಟುಕೊಟ್ಟದ್ದು ಹಸಿರನ್ನು ಮಾತ್ರ. ನಮ್ಮ ಕಣ್ಣಿಗೆ ಬಂದು ತಲುಪುವುದು ಅದೇ.

ಒಂದೇ ಕಾಗದ ನಾಲ್ಕು, ಆರು, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಯಂತ್ರದೊಳಗೆ ಹೋಗಿ ಬರಬೇಕು. ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗದಲ್ಲಿ ಕೂರಬೇಕು. ಸರಿದರೆ ವಿದೂಷಕನ ಕೆಂಪು ಅಂಗಿ ಹೆಗಲು ಬಿಟ್ಟು ಗಾಳಿಯಲ್ಲಿ ತೇಲುತ್ತದೆ! ಅದಕ್ಕೇ ಪ್ರತಿ ಕಲ್ಲಿನ ಅಂಚಿನಲ್ಲೂ ಗುರುತು ಹಾಕುತ್ತಿದ್ದರು. ಒಂದರ ಗುರುತಿನ ಮೇಲೆ ಇನ್ನೊಂದರ ಗುರುತು ಕೂತರೆ ಸರಿ. ಕಾಗದಕ್ಕೆ ತೇವ ಹಿಡಿಯದಂತೆಯೂ ನೋಡಿಕೊಳ್ಳಬೇಕಿತ್ತು. ಕಾಗದದ ನಾರು ನೀರು ಕುಡಿದರೆ ಉಬ್ಬುತ್ತದೆ, ಹಾಳೆ ಹಿಗ್ಗುತ್ತದೆ, ಗುರುತು ತಪ್ಪುತ್ತದೆ.

ಈಗ ಒಂದು ಲೆಕ್ಕ. ಸರ್ಕಸ್ ಪೋಸ್ಟರಿನ ಒಂದು ಹಾಳೆಯ ಅಳತೆ 28 ಇಂಚು ಅಗಲ, 42 ಇಂಚು ಉದ್ದ. ಅಂದರೆ ಹೆಚ್ಚು ಕಡಿಮೆ 71 ಸೆಂ.ಮೀ., 107 ಸೆಂ.ಮೀ. ಕಲ್ಲು 10 ಸೆಂ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ ಸುಮಾರು 76,000 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಸುಣ್ಣಕಲ್ಲಿನ ತೂಕ ಸುಮಾರು 2.6 ಗ್ರಾಂ. ಒಂದು ಕಲ್ಲಿನ ತೂಕ ಎಷ್ಟಾಯಿತು? ಹತ್ತಿರ ಹತ್ತಿರ 200 ಕಿಲೊ! ದೊಡ್ಡ ಪೋಸ್ಟರುಗಳು ಒಂದು ಹಾಳೆಯವಲ್ಲ. 24 ಹಾಳೆ ಜೋಡಿಸಿದವೂ ಇದ್ದವು. ಹಾಳೆಗೆ ಆರು ಬಣ್ಣ, ಬಣ್ಣಕ್ಕೊಂದು ಕಲ್ಲು ಎಂದರೆ 144 ಕಲ್ಲು. ಒಟ್ಟು ತೂಕ ನೀವೇ ಹಾಕಿ ನೋಡಿ.

ಕಲ್ಲು ದುಬಾರಿ. ಹಾಗಾಗಿ ಕೆಲಸ ಮುಗಿದ ಮೇಲೆ ಚಿತ್ರವನ್ನು ತಿಕ್ಕಿ ತೆಗೆದು ಅದೇ ಕಲ್ಲಿನ ಮೇಲೆ ಹೊಸ ಚಿತ್ರ ಬರೆಯುತ್ತಿದ್ದರು. ಇವತ್ತು ಹುಲಿ ಇದ್ದ ಕಲ್ಲಿನಲ್ಲಿ ನಾಳೆ ಸಾಬೂನಿನ ಜಾಹೀರಾತು.

ಹತ್ತಿರದಲ್ಲಿ ಚುಕ್ಕಿ, ದೂರದಲ್ಲಿ ಮುಖ

ಆರು ಕಲ್ಲಿನಿಂದ ಅರವತ್ತು ಛಾಯೆ ತೆಗೆಯುವುದು ಹೇಗೆ? ಚುಕ್ಕಿಗಳಿಂದ. ವಿದೂಷಕನ ಗುಲಾಬಿ ಕೆನ್ನೆಗೆ ಗುಲಾಬಿ ಶಾಯಿ ಬೇಕಿಲ್ಲ. ಬಿಳಿ ಕಾಗದದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿ ಇಟ್ಟರೆ ಸಾಕು. ಒತ್ತಾಗಿ ಇಟ್ಟರೆ ಕೆಂಪು, ಬಿಡಿಬಿಡಿಯಾಗಿ ಇಟ್ಟರೆ ತಿಳಿ ಗುಲಾಬಿ. ಬೆರೆಸುವ ಕೆಲಸ ಕಣ್ಣಿನದು.

ನಮ್ಮ ಕಣ್ಣಿಗೂ ಒಂದು ಮಿತಿ ಇದೆ. ಒಂದು ಮಿಲಿಮೀಟರ್ ಅಂತರದಲ್ಲಿರುವ ಎರಡು ಚುಕ್ಕಿಗಳನ್ನು ಮೂರೂವರೆ ಮೀಟರ್ ದೂರದಿಂದ ನೋಡಿದರೆ, ಒಳ್ಳೆಯ ಕಣ್ಣಿಗೂ ಅವು ಬೇರೆ ಬೇರೆ ಎಂದು ಕಾಣುವುದು ಕಷ್ಟ. ಪೋಸ್ಟರ್ ನೋಡುವವರು ರಸ್ತೆಯ ಆ ಬದಿಯಲ್ಲೋ ಗಾಡಿಯ ಮೇಲೋ ಇರುತ್ತಾರೆ. ಅಷ್ಟು ದೂರದಿಂದ ಚುಕ್ಕಿಗಳೆಲ್ಲ ಕೂಡಿ ಕೆನ್ನೆಯಾಗುತ್ತವೆ, ಆನೆಯ ಚರ್ಮದ ಸುಕ್ಕಾಗುತ್ತವೆ. ಅಚ್ಚುಕೂಟದ ಕಲಾವಿದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಲ್ಲಿಗೆ ಮೂಗು ತಾಗಿಸಿಕೊಂಡು ಚುಕ್ಕಿ ಇಡುತ್ತಾ, ಮನಸ್ಸಿನಲ್ಲಿ ರಸ್ತೆಯ ಆಚೆ ನಿಂತು ನೋಡುತ್ತಿದ್ದರು.

ಹಿಟ್ಟಿನ ಅಂಟು, ಗೋಡೆಯ ಜಗಳ

ಸರ್ಕಸ್ಸಿನ ರೈಲಿಗಿಂತ ವಾರಗಳ ಮೊದಲು ಒಂದು ವಿಶೇಷ ಬೋಗಿ ಹೊರಡುತ್ತಿತ್ತು. ಪೋಸ್ಟರ್ ಹಚ್ಚುವವರು ಅದರಲ್ಲೇ ಮಲಗಿ, ಅದರಲ್ಲೇ ಎದ್ದು, ಊರಿಂದ ಊರಿಗೆ ಹೋಗುತ್ತಿದ್ದರು. ಬೋಗಿಯೊಳಗೇ ಹಬೆಯಿಂದ ಗೋಧಿ ಹಿಟ್ಟಿನ ಅಂಟು ಬೇಯಿಸುವ ಏರ್ಪಾಟು. ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಸುಮ್ಮನೆ ತಳಕ್ಕೆ ಕೂರುತ್ತವೆ. ನೀರಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅವು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಒಳಗಿನ ಉದ್ದುದ್ದ ಅಣುಗಳು ಹೊರಗೆ ಹರಡಿ ಸಿಕ್ಕುಸಿಕ್ಕಾಗುತ್ತವೆ. ಅದೇ ಅಂಟು. ನೀರು ಆರಿದ ಮೇಲೆ ಆ ಅಣುಗಳು ಕಾಗದದ ನಾರನ್ನೂ ಗೋಡೆಯ ಒರಟನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನಮ್ಮೂರುಗಳಲ್ಲಿ ಸಿನಿಮಾ ಪೋಸ್ಟರ್ ಹಚ್ಚುವ ಮೈದಾ ಅಂಟೂ ಇದೇ. ಹಸುಗಳು ಪೋಸ್ಟರ್ ಕಿತ್ತು ತಿನ್ನುವುದು ಯಾಕೆ ಎಂದು ಈಗ ಗೊತ್ತಾಯಿತೇ?

ಗೋಡೆಯ ಒಡೆಯನಿಗೆ ಆಟದ ಟಿಕೆಟ್ ಪುಕ್ಕಟೆ. ಚಿತ್ರ ಒಂದೇ ಆದರೂ ಊರು ಬೇರೆ, ದಿನ ಬೇರೆಯಲ್ಲವೇ? ಅದಕ್ಕೆ ಊರಿನ ಹೆಸರು, ತಾರೀಖು ಇರುವ ಪಟ್ಟಿಯನ್ನು ಬೇರೆಯಾಗಿ ಅಚ್ಚು ಹಾಕಿ ಚಿತ್ರದ ಕೆಳಗೆ ಅಂಟಿಸುತ್ತಿದ್ದರು. ಒಂದೇ ಊರಿಗೆ ಎರಡು ಸರ್ಕಸ್ ಬಂದರೆ ಗೋಡೆಗಾಗಿ ಜಗಳವೇ ಜಗಳ. ರಾತ್ರೋರಾತ್ರಿ ಇವರ ಹುಲಿಯ ಮೇಲೆ ಅವರ ಸಿಂಹ.

ಬೀದಿಯ ಪೋಸ್ಟರಿಗೆ ಆಯುಸ್ಸು ಕಡಿಮೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಣ್ಣದ ಅಣುಗಳನ್ನು ಒಡೆಯುತ್ತದೆ. ಹಳೆಯ ಅಂಗಡಿಯ ಬಾಗಿಲಲ್ಲಿರುವ ಪೋಸ್ಟರ್ ನೋಡಿ. ಕೆಂಪು, ಹಳದಿ ಮಾಸಿ ನೀಲಿ ಮಾತ್ರ ಉಳಿದಿರುತ್ತದೆ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಇರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಗಟ್ಟುತ್ತದೆ. ಆದರೆ ಬಿಸಿಲು ಮಳೆ ತಾಗದಿದ್ದರೆ? 2015ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಡ್ಯುರಾಂಡ್ ಎಂಬ ಪುಟ್ಟ ಊರಿನಲ್ಲಿ ಒಂದು ಹೋಟೆಲನ್ನು ದೊಡ್ಡದು ಮಾಡಲು ಗೋಡೆ ಬಿಚ್ಚಿದರು. ಒಳಗೆ ಇನ್ನೊಂದು ಗೋಡೆ, ಅದರ ತುಂಬ 1885ರ ಸರ್ಕಸ್ ಪೋಸ್ಟರ್! ಉದ್ದ ಐವತ್ತು ಅಡಿಗೂ ಹೆಚ್ಚು. ಕತ್ತಲೆಯೇ ಅದನ್ನು 130 ವರ್ಷ ಕಾಪಾಡಿತ್ತು.

ಪೋಸ್ಟರ್ ಹೇಳಿದ್ದೆಲ್ಲ ನಿಜವೇ?

ಬಾರ್ನಮ್ 1882ರಲ್ಲಿ ಲಂಡನ್ ಮೃಗಾಲಯದಿಂದ ಜಂಬೋ ಎಂಬ ಆಫ್ರಿಕಾದ ಆನೆಯನ್ನು ಕೊಂಡು ತಂದ. ಪೋಸ್ಟರುಗಳಲ್ಲಿ ಜಂಬೋ ಬೆಟ್ಟದಂತೆ ಕಾಣುತ್ತಿತ್ತು. ಅದು ದೊಡ್ಡ ಆನೆಯೇ, ಸಂಶಯವಿಲ್ಲ. ಆದರೆ ಕಲಾವಿದರಿಗೆ ಒಂದು ಉಪಾಯ ಗೊತ್ತಿತ್ತು. ಆನೆಯ ಪಕ್ಕದ ಮನುಷ್ಯರನ್ನು ಚಿಕ್ಕದಾಗಿ ಬರೆದರೆ ಆನೆ ತಾನಾಗಿಯೇ ದೊಡ್ಡದಾಗುತ್ತದೆ! ಜಂಬೋ 1885ರಲ್ಲಿ ಕೆನಡಾದಲ್ಲಿ ರೈಲು ಬಡಿದು ಸತ್ತಿತು. ಅದರ ಅಸ್ಥಿಪಂಜರ ನ್ಯೂಯಾರ್ಕಿನ ಅಮೆರಿಕನ್ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಸೇರಿತು. ಮೂಳೆಗಳನ್ನು ಅಳೆಯಬಹುದು. ಪೋಸ್ಟರನ್ನು ಅಳೆದು ಏನು ಪ್ರಯೋಜನ?

ಇನ್ನೊಂದು ಪೋಸ್ಟರ್ ಪ್ರಾಣಿ ನೀರಾನೆ. ‘ರಕ್ತ ಬೆವರುವ ಮಹಾಪ್ರಾಣಿ’ ಎಂದು ಸರ್ಕಸ್ಸಿನವರು ಅದನ್ನು ಸಾರುತ್ತಿದ್ದರು. ಪೂರ್ತಿ ಸುಳ್ಳೇ? ಅಲ್ಲ. ನೀರಾನೆಯ ಚರ್ಮದಿಂದ ಒಂದು ದ್ರವ ಒಸರುತ್ತದೆ. ಮೊದಲು ಬಣ್ಣವಿಲ್ಲ, ಕೆಲವೇ ನಿಮಿಷದಲ್ಲಿ ಕೆಂಪು, ಆಮೇಲೆ ಕಂದು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಅದರಲ್ಲಿರುವ ಕೆಂಪು ಮತ್ತು ಕಿತ್ತಳೆ ವರ್ಣದ್ರವ್ಯಗಳನ್ನು ಗುರುತಿಸಿದರು. ಅದು ರಕ್ತವೂ ಅಲ್ಲ, ನಮ್ಮ ಹಾಗಿನ ಬೆವರೂ ಅಲ್ಲ. ಸುಡುಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪ ಅದು, ರೋಗಾಣುಗಳನ್ನೂ ತಡೆಯುತ್ತದೆ. ಪೋಸ್ಟರ್ ಹೇಳಿದ್ದಕ್ಕಿಂತ ನಿಜವೇ ಸೊಗಸಾಗಿದೆ, ಅಲ್ಲವೇ?

ಪೋಸ್ಟರ್ ಹೇಳದೆ ಬಿಟ್ಟದ್ದೂ ಉಂಟು. ಪಂಜರದ ಬದುಕು, ಸರಪಳಿ, ಚಾಟಿ ಯಾವುದನ್ನೂ ಅದು ತೋರಿಸಲಿಲ್ಲ. ನಮ್ಮ ದೇಶದಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಟಕ್ಕೆ ಬಳಸಬಾರದೆಂದು 1998ರಲ್ಲಿ ಸರ್ಕಾರ ಆದೇಶ ಹೊರಡಿಸಿತು.

ಕಲ್ಲಚ್ಚು ಕನ್ನಡಕ್ಕೂ ಬಂತು

ಸೆನೆಫೆಲ್ಡರನ ಕಲ್ಲು ಕನ್ನಡಕ್ಕೂ ಉಪಕಾರ ಮಾಡಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಸಂಪಾದಕ ಹರ್ಮನ್ ಮೋಗ್ಲಿಂಗ್. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲೇ. ಕನ್ನಡಕ್ಕೆ ಸೀಸದ ಮೊಳೆ ಮಾಡುವುದು ಸುಲಭದ ಮಾತಲ್ಲ. ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕು. ಕಲ್ಲಿಗೆ ಅದರ ಚಿಂತೆಯಿಲ್ಲ, ಕೈಯಲ್ಲಿ ಬರೆದದ್ದು ಹಾಗೇ ಅಚ್ಚಾಗುತ್ತದೆ.

ಬಣ್ಣದ ಕಲ್ಲಚ್ಚು ಭಾರತದ ಮನೆಮನೆಗೆ ಬಂದದ್ದು ದೇವರ ಚಿತ್ರವಾಗಿ. ಚಿತ್ರಕಾರ ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಜರ್ಮನ್ ಯಂತ್ರ, ಜರ್ಮನ್ ತಂತ್ರಜ್ಞರನ್ನು ತರಿಸಿ ಮುದ್ರಣಾಲಯ ತೆರೆದರು. ಅಜ್ಜಿಮನೆಯ ಗೋಡೆಯಲ್ಲಿ ಕಟ್ಟು ಹಾಕಿದ ಹಳೆಯ ಲಕ್ಷ್ಮಿ, ಸರಸ್ವತಿಯರ ಪಟ ಇದ್ದರೆ ಅದರ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲೂ ಚುಕ್ಕಿಗಳು ಕಂಡಾವು.

ಕಲ್ಲು ಹೋಯಿತು, ಉಪಾಯ ಉಳಿಯಿತು

ಭಾರದ ಕಲ್ಲಿನ ಜಾಗಕ್ಕೆ ಮೆಲ್ಲಗೆ ಸತು ಮತ್ತು ಅಲ್ಯೂಮಿನಿಯಂ ತಗಡು ಬಂದವು. 1904ರ ಸುಮಾರಿಗೆ ಅಮೆರಿಕದ ಐರಾ ರೂಬೆಲ್ ಎಂಬ ಮುದ್ರಕ ಒಂದು ಸಂಗತಿ ಗಮನಿಸಿದ. ಯಂತ್ರಕ್ಕೆ ಕಾಗದ ಕೊಡುವುದು ತಪ್ಪಿದಾಗ ಚಿತ್ರ ಒತ್ತುರುಳೆಯ ರಬ್ಬರಿನ ಮೇಲೆ ಬೀಳುತ್ತಿತ್ತು. ಮುಂದಿನ ಕಾಗದದ ಹಿಂಬದಿಗೆ ಆ ರಬ್ಬರಿನಿಂದ ಬಿದ್ದ ಚಿತ್ರವೇ ಹೆಚ್ಚು ಸ್ಫುಟ! ರಬ್ಬರ್ ಮೆದು, ಕಾಗದದ ಸಣ್ಣ ಉಬ್ಬುತಗ್ಗುಗಳಿಗೂ ಹೊಂದಿಕೊಳ್ಳುತ್ತದೆ. ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ ಹೋಗುವ ಈ ವಿಧಾನವೇ ಆಫ್‌ಸೆಟ್ ಮುದ್ರಣ. ಚಿತ್ರ ಎರಡು ಸಲ ಮಗುಚುವುದರಿಂದ ತಗಡಿನ ಮೇಲೆ ಅದಲು ಬದಲಾಗಿ ಬರೆಯುವ ಗೋಜೂ ತಪ್ಪಿತು.

ನಿಮ್ಮ ಪಠ್ಯಪುಸ್ತಕ, ಬೆಳಗಿನ ಪತ್ರಿಕೆ, ಶಿವಕಾಶಿಯ ಕ್ಯಾಲೆಂಡರ್ ಬಹುಪಾಲು ಆಫ್‌ಸೆಟ್‌ನಲ್ಲೇ ಅಚ್ಚಾಗುತ್ತವೆ. ಅಲ್ಲಿ ಕಲ್ಲಿಲ್ಲ. ಆದರೆ ತಗಡಿನ ಒಂದು ಭಾಗ ನೀರು ಹಿಡಿಯುತ್ತದೆ, ಇನ್ನೊಂದು ಭಾಗ ಎಣ್ಣೆಯ ಶಾಯಿ ಹಿಡಿಯುತ್ತದೆ. ಸೆನೆಫೆಲ್ಡರನ ಉಪಾಯ ಹಾಗೇ ಇದೆ.

ಮಾಡಿ ನೋಡಿ

ಮೊದಲನೆಯದು: ಒಂದು ದಪ್ಪ ಬಿಳಿ ಹಾಳೆ ತೆಗೆದುಕೊಂಡು ಬಿಳಿ ಮೇಣದಬತ್ತಿಯಿಂದ ಒತ್ತಿ ಆನೆ ಬರೆಯಿರಿ. ಏನೂ ಕಾಣುವುದಿಲ್ಲ. ಈಗ ಜಲವರ್ಣದ ನೀಲಿಯನ್ನು ತೆಳುವಾಗಿ ಹಾಳೆಗೆಲ್ಲ ಬಳಿಯಿರಿ. ಮೇಣ ನೀರನ್ನು ತಳ್ಳುತ್ತದೆ, ಬಿಳಿ ಆನೆ ಎದ್ದು ನಿಲ್ಲುತ್ತದೆ. ಇಲ್ಲಿ ಬಣ್ಣ ನೀರಿನದು, ಕಾವಲು ಮೇಣದ್ದು. ಕಲ್ಲಚ್ಚಿನಲ್ಲಿ ಇದರ ತಿರುಗುಮುರುಗು: ಬಣ್ಣ ಎಣ್ಣೆಯದು, ಕಾವಲು ನೀರಿನದು.

ಎರಡನೆಯದು: ಪತ್ರಿಕೆಯ ಬಣ್ಣದ ಪುಟದ ಅಂಚನ್ನು ನೋಡಿ. ಹಲವು ಪತ್ರಿಕೆಗಳಲ್ಲಿ ಸಾಲಾಗಿ ನಾಲ್ಕು ಸಣ್ಣ ಗುರುತುಗಳು ಸಿಗುತ್ತವೆ: ತಿಳಿನೀಲಿ, ಮಜೆಂತಾ, ಹಳದಿ, ಕಪ್ಪು. ಬಿಸ್ಕತ್ತಿನ ಪೊಟ್ಟಣದ ಮಡಿಕೆಯಲ್ಲೂ ಇಂಥವು ಇರುತ್ತವೆ. ಎಲ್ಲೋ ಒಂದು ಪುಟದಲ್ಲಿ ಯಾರದೋ ತುಟಿಯ ಕೆಂಪು ಗಲ್ಲಕ್ಕೆ ಜಾರಿದ್ದರೆ, ಆ ದಿನ ಗುರುತು ಸರಿಯಾಗಿ ಕೂತಿಲ್ಲ ಎಂದು ಅರ್ಥ. ಅಂಥ ಪುಟ ಸಿಕ್ಕರೆ ಎಸೆಯಬೇಡಿ. ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಯಾವ ಬಣ್ಣ ಯಾವ ಕಡೆಗೆ ಎಷ್ಟು ಮಿಲಿಮೀಟರ್ ಸರಿದಿದೆ ಎಂದು ಸ್ಕೇಲಿನಿಂದ ಅಳೆದು ಬರೆಯಿರಿ, ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಚಿತ್ರ ಸರಿಯಾಗಿ ಬಂದಾಗ ಅಡಗಿರುವ ಕೆಲಸವೆಲ್ಲ ತಪ್ಪಿದ ಪುಟದಲ್ಲೇ ಚೆನ್ನಾಗಿ ಕಾಣುತ್ತದೆ.